ಅಮೆರಿಕದ ರಾಜ್ಯ ಕೋರ್ಟುಗಳಲ್ಲಿ ಲಾ ಕ್ಲರ್ಕ್ ಕೆಲಸ: ಹುಡುಕೋದು ಎಲ್ಲಿಂದ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿಯಲ್ಲಿ ಜೆಡಿ (ಇಲ್ಲಿಯ ಕಾನೂನು ಪದವಿ) ಓದುತ್ತಿದ್ದೇನೆ, ಎರಡನೇ ವರ್ಷ. ಊರು ಶಿವಮೊಗ್ಗ. ಪಿಯುಸಿ ಮುಗಿಸಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದೆ. ಗ್ರೀನ್ ಕಾರ್ಡ್ ಇದೆ. ಮಾರ್ಕ್ಸ್ ಸುಮಾರು, ಕ್ಲಾಸಿನ ಮಧ್ಯದಲ್ಲೆಲ್ಲೋ ಇದ್ದೇನೆ. ಲಾ ರಿವ್ಯೂನಲ್ಲಿ (ವಿದ್ಯಾರ್ಥಿಗಳೇ ನಡೆಸುವ ಕಾಲೇಜಿನ ಕಾನೂನು ಪತ್ರಿಕೆ) ಇಲ್ಲ.

ಓದು ಮುಗಿದ ಮೇಲೆ ಒಂದು ವರ್ಷ ಯಾರಾದರೂ ಜಡ್ಜ್ ಹತ್ತಿರ ಲಾ ಕ್ಲರ್ಕ್ ಆಗಿ ಇರಬೇಕು ಅಂತ ಆಸೆ. ಫೆಡರಲ್ ಕೋರ್ಟ್ ನನ್ನ ಮಾರ್ಕ್ಸಿಗೆ ಸಿಗುವುದಿಲ್ಲ, ಗೊತ್ತು. ಅದಕ್ಕೇ ರಾಜ್ಯದ ಕೋರ್ಟ್ ನೋಡೋಣ ಅಂತ ಹೊರಟೆ. ಕೇಳಿದವರೆಲ್ಲ 'ಆಸ್ಕರ್ ನೋಡು' ಅಂದರು, ಕ್ಲರ್ಕ್ ಕೆಲಸಕ್ಕೆ ಅರ್ಜಿ ಹಾಕುವ ವೆಬ್‌ಸೈಟ್ ಅದು. ನೋಡಿದೆ. ಅಲ್ಲಿರುವುದು ಹೆಚ್ಚುಕಮ್ಮಿ ಎಲ್ಲ ಫೆಡರಲ್ ಜಡ್ಜ್‌ಗಳೇ. ರಾಜ್ಯದವರು ಎಲ್ಲಿ ಅಡಗಿ ಕೂತಿದ್ದಾರೆ?

ಮನೆಯಲ್ಲಿ ಇನ್ನೊಂದು ತಲೆನೋವು. 'ಕ್ಲರ್ಕ್' ಅಂದ ತಕ್ಷಣ ಅಪ್ಪ ತಟ್ಟೆಯಿಂದ ಕೈ ತೆಗೆದರು. "ಇಷ್ಟು ಸಾಲ ಮಾಡಿದ್ದು ಗುಮಾಸ್ತೆ ಆಗೋದಕ್ಕಾ?" ಅಂತ ಕೇಳಿದವರು ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ. ಇದಕ್ಕೂ ಯಾರಾದರೂ ಉತ್ತರ ಕೊಟ್ಟರೆ ಪುಣ್ಯ ಬರುತ್ತದೆ.

ಎಡಿಸನ್ ಅಕ್ಕ

ಅಡಗಿ ಕೂತಿಲ್ಲ ಕಣೇ. ಎಲ್ಲರೂ ಒಂದೇ ಕಡೆ ಕೂತಿಲ್ಲ, ಅಷ್ಟೇ. ಆಸ್ಕರ್ ಅನ್ನೋದು ಫೆಡರಲ್ ಕೋರ್ಟಿನವರು ತಮಗಾಗಿ ಮಾಡಿಕೊಂಡಿದ್ದು. 50 ರಾಜ್ಯಗಳದ್ದು 50 ಪದ್ಧತಿ. ಕೆಲವು ಕಡೆ ಕೋರ್ಟ್ ಆಡಳಿತವೇ ಅರ್ಜಿ ತೆಗೆದುಕೊಳ್ಳುತ್ತದೆ. ಕೆಲವು ಕಡೆ ಒಬ್ಬೊಬ್ಬ ಜಡ್ಜ್‌ಗೂ ಬೇರೆ ಬೇರೆ ಬರೆಯಬೇಕು. ಇನ್ನು ಕೆಲವರು ಜಾಹೀರಾತೇ ಹಾಕುವುದಿಲ್ಲ. ಹಳೇ ಕ್ಲರ್ಕ್ ಹೇಳಿದ ಹುಡುಗನನ್ನೋ ಹುಡುಗಿಯನ್ನೋ ಕರೆದು ಮಾತಾಡಿ ತೆಗೆದುಕೊಂಡುಬಿಡುತ್ತಾರೆ.

ಮೊದಲು ನಿನ್ನ ಕಾಲೇಜಿನ ಕೆರಿಯರ್ ಆಫೀಸಿಗೆ ಹೋಗಿ 'ವರ್ಮಾಂಟ್ ಗೈಡ್' ಪಾಸ್‌ವರ್ಡ್ ಕೇಳು. ವರ್ಮಾಂಟ್ ಲಾ ಸ್ಕೂಲಿನವರು ಹೊರತರುವ ಕೈಪಿಡಿ ಅದು. ಯಾವ ರಾಜ್ಯದಲ್ಲಿ ಯಾವ ಕೋರ್ಟು ಕ್ಲರ್ಕ್ ತೆಗೆದುಕೊಳ್ಳುತ್ತದೆ, ಅರ್ಜಿ ಯಾವಾಗ, ಏನೇನು ಲಗತ್ತಿಸಬೇಕು, ಎಲ್ಲ ಅದರಲ್ಲಿದೆ. ಕಾಲೇಜುಗಳು ದುಡ್ಡು ಕೊಟ್ಟು ತರಿಸುತ್ತವೆ, ಹಾಗಾಗಿ ಗೂಗಲ್‌ನಲ್ಲಿ ಹುಡುಕಿದರೆ ಪೂರ್ತಿ ಸಿಗುವುದಿಲ್ಲ. ನನಗೆ ಇದು ಗೊತ್ತಾಗಿದ್ದು ಮೂರನೇ ವರ್ಷದಲ್ಲಿ. ಅದೂ ಕಾಪಿಯರ್ ಹತ್ತಿರ ನಿಂತಿದ್ದ ಒಬ್ಬ ಸೀನಿಯರ್ ಸುಮ್ನೆ ಮಾತಿಗೆ ಹೇಳಿದ್ದಕ್ಕೆ.

ಆಮೇಲೆ, ನೀನು ಇರುವುದೇ ನ್ಯೂಜೆರ್ಸಿಯಲ್ಲಿ! ಟ್ರಯಲ್ ಕೋರ್ಟ್ ಕ್ಲರ್ಕ್‌ಗಳಿಗೆ ಇಷ್ಟು ದೊಡ್ಡ ವ್ಯವಸ್ಥೆ ಇರುವ ರಾಜ್ಯ ಕಡಿಮೆ. ಸುಪೀರಿಯರ್ ಕೋರ್ಟಿನ ಜಡ್ಜ್‌ಗಳಿಗೆ ಒಬ್ಬೊಬ್ಬ ಲಾ ಕ್ಲರ್ಕ್. ಒಂದು ವರ್ಷದ ಅವಧಿ, ಆಗಸ್ಟ್ ಕೊನೆಯ ಹೊತ್ತಿಗೆ ಶುರು. 21 ಕೌಂಟಿಗಳನ್ನು 15 'ವಿಸಿನೇಜ್' (ಕೋರ್ಟಿನ ವಲಯ) ಮಾಡಿದ್ದಾರೆ. ವರ್ಷ ವರ್ಷ ನೂರಾರು ಜನ ಸೇರುತ್ತಾರೆ. ನಾನೂ ಹಾಗೆ ಸೇರಿದವಳೇ, ಮಧ್ಯದ ಮಾರ್ಕ್ಸಿನವಳೇ. ಆನ್‌ಲೈನ್ ಅರ್ಜಿ ಹಾಕಿ ಕೈಕಟ್ಟಿ ಕೂರಲಿಲ್ಲ. ನನಗೆ ಬೇಕಾದ ಕೌಂಟಿಗಳ ಜಡ್ಜ್‌ಗಳಿಗೆ ನೇರವಾಗಿಯೂ ಬರೆದೆ. ಕರೆ ಬಂದಿದ್ದು ಆ ಕಾಗದಗಳಿಂದಲೇ.

ಕೆಲಸ ಹೇಗಿತ್ತು ಅಂತ ಹೇಳುತ್ತೇನೆ, ಅಪ್ಪನಿಗೂ ಓದಿ ಹೇಳು. ಸಿವಿಲ್ ವಿಭಾಗದಲ್ಲಿ ಮೋಷನ್‌ಗಳು (ಕೇಸಿನ ಮಧ್ಯೆ ವಕೀಲರು ಹಾಕುವ ಅರ್ಜಿಗಳು) ಸಾಮಾನ್ಯವಾಗಿ ವಾರ ಬಿಟ್ಟು ವಾರ ಶುಕ್ರವಾರ ಬರುತ್ತವೆ. ಗುರುವಾರ ಸಂಜೆ ನನ್ನ ಮೇಜಿನ ಮೇಲೆ ಹಳದಿ ಸ್ಟಿಕಿ ಹಚ್ಚಿದ ಫೈಲುಗಳ ರಾಶಿ. ಪ್ರತಿಯೊಂದಕ್ಕೂ ಯಾರು ಏನು ಕೇಳುತ್ತಿದ್ದಾರೆ, ಎದುರಿನವರು ಏನು ಹೇಳುತ್ತಾರೆ, ಕಾನೂನು ಏನು ಹೇಳುತ್ತದೆ ಅಂತ ಎರಡು ಪುಟದ ಮೆಮೊ. ಕೊನೆಗೆ 'ನನ್ನ ಪ್ರಕಾರ ಮಂಜೂರು ಮಾಡಬಹುದು' ಅಥವಾ 'ಬೇಡ'. ಶುಕ್ರವಾರ ಬೆಳಿಗ್ಗೆ ಜಡ್ಜ್ ಕಾಫಿ ಹಿಡಿದುಕೊಂಡು ಬಂದು "ಏಳನೇ ನಂಬರಲ್ಲಿ ನೀನು ತಪ್ಪು, ಹೇಗೆ ಅಂತ ಹೇಳ್ತೀನಿ ಕೂತ್ಕೋ" ಅನ್ನುತ್ತಿದ್ದರು. ಮೂರು ವರ್ಷ ಕ್ಲಾಸಿನಲ್ಲಿ ಕಲಿಯದ್ದನ್ನು ಆ ಕುರ್ಚಿಯಲ್ಲಿ ಕಲಿತೆ.

ಸಣ್ಣ ದಾವೆಗಳಲ್ಲಿ ರಾಜಿ ಮಾಡಿಸುವ ತರಬೇತಿಯನ್ನೂ ಕ್ಲರ್ಕ್‌ಗಳಿಗೆ ಕೊಡುತ್ತಾರೆ. ಸ್ಮಾಲ್ ಕ್ಲೇಮ್ಸ್ ಅಂದರೆ 5,000 ಡಾಲರ್ ಒಳಗಿನದು. ಬಾಡಿಗೆ ಮನೆಯ ಅಡ್ವಾನ್ಸ್, ಸರಿಯಾಗಿ ರಿಪೇರಿ ಮಾಡದ ಕಾರು, ಮದುವೆ ಫೋಟೋಗ್ರಾಫರ್ ಜೊತೆ ಜಗಳ. ಒಂದು ಸಲ ಇಬ್ಬರು ಅಕ್ಕಪಕ್ಕದವರು ಬೇಲಿಗೋಸ್ಕರ ಬಂದಿದ್ದರು. 45 ನಿಮಿಷ ಬೇಲಿ ಬಿಟ್ಟು ಒಬ್ಬರ ನಾಯಿ ಬಗ್ಗೆಯೇ ಮಾತಾಡಿದರು. ನಾಯಿ ವಿಷಯ ಬಗೆಹರಿದ ಮೇಲೆ ಬೇಲಿಗೆ ಐದೇ ನಿಮಿಷ.

ಕರಿಕೋಟು ಧಾರವಾಡ

ಅಪ್ಪನಿಗೆ ಉತ್ತರ ನಾನು ಕೊಡುತ್ತೇನೆ. ನಾನು ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವವನು. ನಮ್ಮಲ್ಲಿ ಕ್ಲರ್ಕ್ ಅಂದರೆ ವಕೀಲರ ಫೈಲು ಹೊರುವವನು, ಇಲ್ಲ ಕೋರ್ಟಿನ ಬೆಂಚ್ ಕ್ಲರ್ಕು, ಅದರ ಮೇಲೆ ಶಿರಸ್ತೇದಾರ. ಅವರ ತಪ್ಪಲ್ಲ ಬಿಡಿ, ಪದವೇ ಹಾಗೆ. ಅಲ್ಲಿಯ ಲಾ ಕ್ಲರ್ಕ್ ನಮ್ಮ ಹೈಕೋರ್ಟಿನ 'ಲಾ ಕ್ಲರ್ಕ್ ಕಂ ರಿಸರ್ಚ್ ಅಸಿಸ್ಟೆಂಟ್' ಇದ್ದ ಹಾಗೆ. ಜಡ್ಜ್ ಕೈಕೆಳಗೆ ಕಾನೂನು ಹುಡುಕುವ, ಕರಡು ಬರೆಯುವ ಕೆಲಸ. ಕಾನೂನು ಪದವಿ ಇಲ್ಲದವರನ್ನು ತೆಗೆದುಕೊಳ್ಳುವುದೇ ಇಲ್ಲ.

ಇದು ಹುಟ್ಟಿದ್ದೇ ಒಂದು ರಾಜ್ಯ ಕೋರ್ಟಿನಲ್ಲಿ ಅನ್ನೋದನ್ನೂ ಹೇಳಿ. ಮ್ಯಾಸಚುಸೆಟ್ಸ್‌ನ ಸುಪ್ರೀಂ ಜುಡಿಷಿಯಲ್ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹೊರೇಸ್ ಗ್ರೇ 1875ರಲ್ಲಿ ಹಾರ್ವರ್ಡ್‌ನಿಂದ ಹೊಸದಾಗಿ ಪಾಸಾದವರನ್ನು ಇಟ್ಟುಕೊಳ್ಳಲು ಶುರು ಮಾಡಿದರು. ಅಲ್ಲಿ ಅವರ ಹತ್ತಿರ ಕೆಲಸ ಮಾಡಿದ ಲೂಯಿಸ್ ಬ್ರಾಂಡೈಸ್ 1916ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆದರು. ಈಗಿನ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಸಹ ಒಂದು ಕಾಲದಲ್ಲಿ ರೆನ್‌ಕ್ವಿಸ್ಟ್ ಅವರ ಲಾ ಕ್ಲರ್ಕ್. ಇಷ್ಟು ಸಾಕಾಗದಿದ್ದರೆ ಅಪ್ಪನ ನಂಬರ್ ಕೊಡಿ, ನಾನೇ ಮಾತಾಡುತ್ತೇನೆ ;)

ತುಂಗಾತೀರ

ಸರ್, ನಂಬರ್ ಬೇಡ, ಆಮೇಲೆ ನಿಮಗೇ ಕಷ್ಟ. ಎಡಿಸನ್ ಅಕ್ಕ, ವರ್ಮಾಂಟ್ ಗೈಡ್ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನಾಳೆಯೇ ಹೋಗುತ್ತೇನೆ. ನ್ಯೂಯಾರ್ಕಿಗೂ ಹಾಕಬಹುದು ಅಲ್ವಾ? ಸುಪ್ರೀಂ ಕೋರ್ಟಿಗೇ ಅರ್ಜಿ ಕರೆದಿರುವುದು ಕಾಣಿಸಿತು. ಆದರೆ ಅಷ್ಟು ಮೇಲಿನ ಕೋರ್ಟಿಗೆ ಹಾಕೋಕೆ ಭಯ.

ಆಲ್ಬನಿ ಕಾಫಿ

ಹ್ಹಹ್ಹ, ಎಲ್ಲರೂ ಇಲ್ಲೇ ಜಾರಿ ಬೀಳುವುದು. ನ್ಯೂಯಾರ್ಕಿನಲ್ಲಿ ಸುಪ್ರೀಂ ಕೋರ್ಟ್ ಅಂದರೆ ಕೆಳಗಿನ ಟ್ರಯಲ್ ಕೋರ್ಟು. ಎಲ್ಲಕ್ಕಿಂತ ಮೇಲಿರುವುದು ಕೋರ್ಟ್ ಆಫ್ ಅಪೀಲ್ಸ್, ಇಲ್ಲಿ ಆಲ್ಬನಿಯಲ್ಲಿ. ಇನ್ನೂ ತಮಾಷೆ ನೋಡಿ: ಕೆಳಗಿನ ಸುಪ್ರೀಂ ಕೋರ್ಟಿನವರನ್ನು 'ಜಸ್ಟಿಸ್' ಅನ್ನಬೇಕು, ಮೇಲಿನ ಕೋರ್ಟ್ ಆಫ್ ಅಪೀಲ್ಸ್‌ನವರನ್ನು 'ಜಡ್ಜ್' ಅನ್ನಬೇಕು. ನಾನು ಬುದ್ಧಿವಂತನ ಹಾಗೆ ಉಲ್ಟಾ ಬರೆದು 11 ಕವರ್ ಲೆಟರ್ ಕಳಿಸಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಅದೇ ಕಾರಣ ಅಂತ ಹೇಳಲಾರೆ. ಆದರೆ ಓದಿದವರಿಗೆ ಮೊದಲ ಸಾಲಿನಲ್ಲೇ ನನ್ನ ತಯಾರಿ ಎಷ್ಟು ಅಂತ ಗೊತ್ತಾಗಿರಬೇಕು.

ಮೇರಿಲ್ಯಾಂಡ್ ಕೂಡ ಮೊದಲು ಹೀಗೇ ಇತ್ತು. ಅಲ್ಲಿ 2022ರ ಡಿಸೆಂಬರ್‌ನಲ್ಲಿ ಹೆಸರು ಬದಲಾಯಿಸಿ ಮೇಲಿನದನ್ನು ಸುಪ್ರೀಂ ಕೋರ್ಟ್ ಆಫ್ ಮೇರಿಲ್ಯಾಂಡ್ ಅಂತ ಮಾಡಿದರು. ಹಳೇ ಪಿಡಿಎಫ್ ನೋಡಿ ಬರೆದರೆ ಅಲ್ಲಿಯೂ ಎಡವುತ್ತೀರಿ. ಟೆಕ್ಸಾಸ್‌ನಲ್ಲಿ ಮೇಲಿನ ಕೋರ್ಟೇ ಎರಡು: ಸಿವಿಲ್‌ಗೆ ಸುಪ್ರೀಂ ಕೋರ್ಟ್, ಕ್ರಿಮಿನಲ್‌ಗೆ ಬೇರೆ.

ಇನ್ನೊಂದು ವಿಷಯ. ಎಲ್ಲ ರಾಜ್ಯದಲ್ಲೂ ಒಂದು ವರ್ಷದ ಕ್ಲರ್ಕ್ ಇರುತ್ತಾರೆ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಅಲ್ಲೇ ಇರುವ ಖಾಯಂ ವಕೀಲರು. ಹೊಸಬರಿಗೆ ಜಾಗ ಬಹಳ ಕಡಿಮೆ. ನ್ಯೂಯಾರ್ಕಿನ ಟ್ರಯಲ್ ಜಡ್ಜ್‌ಗಳ ಹತ್ತಿರವೂ ಅನುಭವಸ್ಥರೇ ಜಾಸ್ತಿ. ಮ್ಯಾಸಚುಸೆಟ್ಸ್ ಸುಪೀರಿಯರ್ ಕೋರ್ಟಿನಲ್ಲಿ ಕ್ಲರ್ಕ್‌ಗಳದ್ದೊಂದು ಗುಂಪು, ಹಲವು ಜಡ್ಜ್‌ಗಳಿಗೆ ಅವರೇ ಕೆಲಸ ಮಾಡಿಕೊಡುತ್ತಾರೆ. ಅಪೀಲ್ ಕೋರ್ಟುಗಳಲ್ಲಿ 'ಸ್ಟಾಫ್ ಅಟಾರ್ನಿ' ಅಂತ ಇರುತ್ತದೆ. ಒಬ್ಬ ಜಡ್ಜ್‌ಗೆ ಅಂತಲ್ಲ, ಇಡೀ ಕೋರ್ಟಿಗೆ. 'ಲಾ ಕ್ಲರ್ಕ್' ಅಂತ ಮಾತ್ರ ಟೈಪ್ ಮಾಡಿ ಹುಡುಕಿದರೆ ಇವೆಲ್ಲ ತಪ್ಪಿಹೋಗುತ್ತವೆ.

ಗಿರಮಿಟ್ ಹುಬ್ಬಳ್ಳಿ

ಒಂದು ಖಾರ ಮಾತು ಹೇಳಲಾ? ಸಣ್ಣ ಕೌಂಟಿ ಕೋರ್ಟಿನಲ್ಲಿ ಒಂದು ವರ್ಷ ಕೂತು ಬಂದರೆ ದೊಡ್ಡ ಫರ್ಮಿನವರು ಮೂಸಿಯೂ ನೋಡುವುದಿಲ್ಲ. ಫೆಡರಲ್ ಆದರೆ ಸರಿ. ರಾಜ್ಯದಲ್ಲಿ ಲೆಕ್ಕಕ್ಕೆ ಬರುವುದು ಡೆಲವೇರ್ ರಾಜ್ಯದ ಚಾನ್ಸರಿ ಕೋರ್ಟ್ ಒಂದೇ. ಕಂಪನಿ ಕಾನೂನಿಗೆ ಅದೇ ಕಾಶಿ. 1792ರಿಂದ ಇದೆ, ಜ್ಯೂರಿ ಇಲ್ಲ, ಜಡ್ಜ್‌ಗಳಾಗಿ ಒಬ್ಬ ಚಾನ್ಸಲರ್, ಆರು ವೈಸ್ ಚಾನ್ಸಲರ್. 2022ರಲ್ಲಿ ಟ್ವಿಟರ್‌ನವರು ಮಸ್ಕ್ ಮೇಲೆ ಕೇಸು ಹಾಕಿದ್ದು ಅಲ್ಲೇ. ಮಧ್ಯದ ಮಾರ್ಕ್ಸಿಗೆ ಅಲ್ಲಿ ಜಾಗ ಇಲ್ಲ. ಉಳಿದಿದ್ದಕ್ಕೆ ಕಡಿಮೆ ಸಂಬಳಕ್ಕೆ ಒಂದು ವರ್ಷ ಯಾಕೆ ಕಳೆಯಬೇಕು? ಸಾಲದ ಬಡ್ಡಿ ಓಡುತ್ತಿರುತ್ತದೆ.

ಎಡಿಸನ್ ಅಕ್ಕ

ಗಿರಮಿಟ್, ಎಲ್ಲರೂ ದೊಡ್ಡ ಫರ್ಮಿಗೇ ಹೋಗಬೇಕು ಅಂತ ಯಾರು ಹೇಳಿದರು? ಈ ದೇಶದ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಡೆಯುವುದು ರಾಜ್ಯ ಕೋರ್ಟುಗಳಲ್ಲಿ. ವಿಚ್ಛೇದನ, ಅಪಘಾತ, ಬಾಡಿಗೆ, ಕಳ್ಳತನ, ಆಸ್ತಿ. ನಮ್ಮ ಕೌಂಟಿಯ 20-30 ಜನರ ಫರ್ಮುಗಳು ಇಂಟರ್‌ವ್ಯೂನಲ್ಲಿ ಮೊದಲು ಕೇಳಿದ್ದೇ "ಯಾವ ಜಡ್ಜ್ ಹತ್ತಿರ ಇದ್ದೆ?" ಅಂತ. ನನಗೆ ಈಗಿನ ಕೆಲಸ ಸಿಕ್ಕಿದ್ದು ಅದರಿಂದಲೇ. ಸಾಲದ ವಿಷಯ ಒಪ್ಪುತ್ತೇನೆ, ಆ ವರ್ಷ ಕೈ ಬಿಗಿ ಮಾಡಿಯೇ ಬದುಕಿದೆ. ಆದರೆ ರಾಜ್ಯ ಕೋರ್ಟು ಅಂದರೆ ಸರ್ಕಾರಿ ಕೆಲಸ. ಫೆಡರಲ್ ಸಾಲ ಇದ್ದು ಮುಂದೆಯೂ ಸರ್ಕಾರಿ ಕೆಲಸದಲ್ಲೇ ಇರುವವರಿಗೆ ಸಾಲಮನ್ನಾ ಯೋಜನೆಯ 120 ಕಂತಿನಲ್ಲಿ ಈ 12 ತಿಂಗಳೂ ಲೆಕ್ಕಕ್ಕೆ ಬರುತ್ತದೆ.

ಗಿರಮಿಟ್ ಹುಬ್ಬಳ್ಳಿ

ಅದು ಗೊತ್ತಿರಲಿಲ್ಲ ಅಕ್ಕಾರೆ. ಅರ್ಧ ಮಾತು ವಾಪಸ್ ತಗೊಂಡೆ. ಅರ್ಧ ಮಾತ್ರ.

ಮಂಡ್ಯ ಟು ಮಿನೆಸೋಟ

ನನ್ನದೂ ಸೇರಿಸುತ್ತೇನೆ. ಇಲ್ಲಿ ಮಿನೆಸೋಟದಲ್ಲಿ 87 ಕೌಂಟಿ, 10 ಜಿಲ್ಲೆ. ಟ್ರಯಲ್ ಜಡ್ಜ್‌ಗಳೇ ತಮ್ಮ ಕ್ಲರ್ಕನ್ನು ಆರಿಸಿಕೊಳ್ಳುತ್ತಾರೆ. ಇದಕ್ಕೆ ಸೀಸನ್ ಅಂತ ಒಂದಿಲ್ಲ. ಜಾಗ ಖಾಲಿ ಆದಾಗ ಕೋರ್ಟಿನ ಉದ್ಯೋಗ ಪುಟದಲ್ಲಿ ಹಾಕುತ್ತಾರೆ. ಫೆಬ್ರವರಿಯಲ್ಲೂ ಬರಬಹುದು, ಅಕ್ಟೋಬರ್‌ನಲ್ಲೂ ಬರಬಹುದು. ನಾನು ಮೂರನೇ ವರ್ಷ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ಆ ಪುಟ ನೋಡುತ್ತಿದ್ದೆ. ಪಾಸಾದ ಮೇಲೆ, ಬಾರ್ ಪರೀಕ್ಷೆ ಬರೆದ ಮೇಲೆ ಸಿಕ್ಕಿತು. ಊರಿಗೆ ಫೋನ್ ಮಾಡಿದಾಗೆಲ್ಲ ಅಜ್ಜಿ "ಏನಪ್ಪಾ, ಇನ್ನೂ ಖಾಲಿ ಕೂತಿದ್ದೀಯಾ" ಅನ್ನುತ್ತಿದ್ದ ಕಾಲ ಅದು.

ಹೊಸ ಜಡ್ಜ್ ನೇಮಕದ ಸುದ್ದಿ ಮೇಲೆ ಕಣ್ಣಿಡಿ. ಗವರ್ನರ್ ಕಚೇರಿ ಪ್ರಕಟಣೆ ಹೊರಡಿಸುತ್ತದೆ. ಹೊಸದಾಗಿ ಬಂದವರಿಗೆ ಕ್ಲರ್ಕ್ ಇನ್ನೂ ಇರದಿರಬಹುದು, ಅರ್ಜಿಗಳ ರಾಶಿಯೂ ಬಂದಿರುವುದಿಲ್ಲ. ಆ ವಾರವೇ ಅಭಿನಂದನೆ ಹೇಳಿ ಒಂದು ಚಿಕ್ಕ ಪತ್ರ, ಜೊತೆಗೆ ರೆಸ್ಯುಮೆ. ನನಗೆ ಕೆಲಸ ಕೊಟ್ಟವರು ಹೀಗೆ ಬಂದ ಜಡ್ಜ್‌ಗಳೇ. ಚುನಾವಣೆ ಇರುವ ರಾಜ್ಯಗಳಲ್ಲಿ ನವೆಂಬರ್ ಫಲಿತಾಂಶವನ್ನೂ ನೋಡಿ. ಹಳೇ ಜಡ್ಜ್ ಸೋತರೆ ಅಲ್ಲಿ ಹೊಸ ಚೇಂಬರ್ಸ್ (ಜಡ್ಜ್ ಕಚೇರಿ) ಬರುತ್ತದೆ.

ದೂರ ಹೋಗುವ ಧೈರ್ಯ ಇದ್ದರೆ ಅಲಾಸ್ಕ. ಆ ರಾಜ್ಯದಲ್ಲಿ ಲಾ ಸ್ಕೂಲೇ ಇಲ್ಲ, ಹಾಗಾಗಿ ಕ್ಲರ್ಕ್‌ಗಳು ಹೊರಗಿನಿಂದಲೇ ಬರಬೇಕು. ನನ್ನ ರೂಮ್‌ಮೇಟ್ ಫೇರ್‌ಬ್ಯಾಂಕ್ಸ್‌ಗೆ ಹೋದ. ಡಿಸೆಂಬರ್‌ನಲ್ಲಿ ದಿನಕ್ಕೆ ನಾಲ್ಕು ಗಂಟೆಯೂ ಬೆಳಕಿಲ್ಲ ಅಂತ ಗೋಳಾಡುತ್ತಿದ್ದ. ಆದರೆ ಒಂದೇ ವರ್ಷದಲ್ಲಿ ಎರಡು ಕೊಲೆ ಕೇಸಿನ ವಿಚಾರಣೆ ನೋಡಿದ. ಇಲ್ಲಿ ನಾನು ನೋಡಿದ್ದು ಕುಡಿದು ಗಾಡಿ ಓಡಿಸಿದವರನ್ನೇ ಜಾಸ್ತಿ.

ಒಂದು ಎಚ್ಚರಿಕೆ. ನಾನು 40 ಪತ್ರಗಳನ್ನು ಮೇಲ್ ಮರ್ಜ್‌ನಲ್ಲಿ (ಪಟ್ಟಿಯಿಂದ ಹೆಸರು ವಿಳಾಸ ಕಂಪ್ಯೂಟರೇ ತುಂಬುವುದು) ಹೊರಡಿಸಿದೆ. ಎಕ್ಸೆಲ್‌ನಲ್ಲಿ ಒಂದು ಸಾಲು ಜಾರಿತ್ತು. ಒಬ್ಬರ ಹೆಸರಿನ ಲಕೋಟೆ ಒಳಗೆ ಇನ್ನೊಬ್ಬರ ಹೆಸರಿನ ಪತ್ರ. 26 ಅಂಟಿಸಿ ಆದ ಮೇಲೆ ಗೊತ್ತಾಯಿತು. ರಾತ್ರಿ ಒಂದು ಗಂಟೆಗೆ ಲಕೋಟೆ ಹರಿದಿದ್ದೇ ಹರಿದಿದ್ದು.

ನಿದ್ದೆಗೆಟ್ಟವ

ನಾನು ಬೆಂಗಳೂರಿನಲ್ಲಿ ಐದು ವರ್ಷದ ಎಲ್‌ಎಲ್‌ಬಿ ಮಾಡಿ ಈಗ ಇಲ್ಲಿ ಎಲ್‌ಎಲ್‌ಎಂ. ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ನಮ್ಮಂಥವರಿಗೆ ಸಿಗುತ್ತದಾ?

ಎಡಿಸನ್ ಅಕ್ಕ

ಸಿಗುವುದೇ ಇಲ್ಲ ಅಂತಲ್ಲ, ಕಷ್ಟ. ಫೆಡರಲ್ ಕೋರ್ಟಿನಲ್ಲಿ ಯಾರಿಗೆ ಸಂಬಳ ಕೊಡಬಹುದು ಅನ್ನೋದಕ್ಕೆ ಪೌರತ್ವದ ನಿರ್ಬಂಧ ಇದೆ. ಆ ಕಾನೂನು ರಾಜ್ಯ ಕೋರ್ಟಿಗೆ ಬರುವುದಿಲ್ಲ, ಆಯಾ ರಾಜ್ಯದ್ದು ಆಯಾ ನಿಯಮ. ಆದರೆ ಹೆಚ್ಚಿನ ಜಡ್ಜ್‌ಗಳು ಜೆಡಿ ಓದಿದವರನ್ನೇ ಕೇಳುತ್ತಾರೆ.

ವೀಸಾ ಲೆಕ್ಕ ಪೆನ್ನು ಹಿಡಿದು ಹಾಕು ತಮ್ಮಾ. ಒಪಿಟಿ (ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) 12 ತಿಂಗಳು. ಲಾ ಓದಿದವರಿಗೆ ಸ್ಟೆಮ್‌ನವರ (ವಿಜ್ಞಾನ, ಎಂಜಿನಿಯರಿಂಗ್ ಓದಿದವರ) ಹಾಗೆ ವಿಸ್ತರಣೆ ಇಲ್ಲ. ಕೋರ್ಸ್ ಮುಗಿದ 60 ದಿನದೊಳಗೆ ಒಪಿಟಿ ಶುರುವಾಗಬೇಕು. ಮೇ ಮಧ್ಯದಲ್ಲಿ ಮುಗಿದರೆ ಜುಲೈ ಮಧ್ಯಕ್ಕೆ ಶುರು, ಮುಂದಿನ ಜುಲೈ ಮಧ್ಯಕ್ಕೆ ಮುಕ್ತಾಯ. ಇಲ್ಲಿಯ ಕ್ಲರ್ಕ್ ವರ್ಷ ಆಗಸ್ಟ್‌ನಿಂದ ಆಗಸ್ಟ್. ಕೊನೆಯಲ್ಲಿ ಆರು ವಾರ ಕೈಕೊಡುತ್ತದೆ. ಇದನ್ನು ಮೊದಲೇ ಚೇಂಬರ್ಸ್‌ಗೆ ಹೇಳು, ಮುಚ್ಚಿಡಬೇಡ. ಸಂಬಳ ಇಲ್ಲದ ಎಕ್ಸ್‌ಟರ್ನ್‌ಶಿಪ್ (ಜಡ್ಜ್ ಹತ್ತಿರ ಕಲಿಯುವುದಕ್ಕೆ ಮಾಡುವ ಕೆಲಸ) ಆದರೆ ಓದುವಾಗಲೇ ಸುಲಭವಾಗಿ ಸಿಗುತ್ತದೆ. ನಿಮ್ಮ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸ್‌ನಲ್ಲಿ ಕೇಳಿಕೊಂಡು ಮಾಡು.

ಕರಿಕೋಟು ಧಾರವಾಡ

ನಿದ್ದೆಗೆಟ್ಟವರೇ, ವಾಪಸ್ ಬರುವ ಯೋಚನೆ ಇದ್ದರೆ ಇದನ್ನೂ ತಲೆಯಲ್ಲಿಟ್ಟುಕೊಳ್ಳಿ. 2025ರ ಮೇ 20ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿತು. ದೇಶದೊಳಗಿನ ಜಡ್ಜ್‌ಗಳ ಹತ್ತಿರ ಲಾ ಕ್ಲರ್ಕ್ ಆಗಿದ್ದ ಅನುಭವವನ್ನೂ ಅದರಲ್ಲಿ ಸೇರಿಸಬಹುದು ಅಂತ ಹೇಳಿದೆ. ಅಲ್ಲಿ ಒಂದು ವರ್ಷ ಪರದಾಡುವುದಕ್ಕಿಂತ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳ ನೋಟಿಫಿಕೇಶನ್ ನೋಡುವುದು ಕೆಲವರಿಗೆ ಒಳ್ಳೆಯದು.

ಹೆಸರು ಬೇಡ

ಇಲ್ಲಿ ಎಲ್ಲರೂ ಸಿಗುವುದು ಹೇಗೆ ಅಂತಲೇ ಮಾತಾಡುತ್ತಿದ್ದೀರಿ. ಸಿಕ್ಕ ಮೇಲಿನ ಕಥೆ ನನ್ನದು. ರಾಜ್ಯ, ಕೋರ್ಟು ಹೇಳುವುದಿಲ್ಲ. ಇಂಟರ್‌ವ್ಯೂ 15 ನಿಮಿಷ, ಅಲ್ಲೇ ಆಫರ್. ಜಡ್ಜ್‌ಗೆ ಇಲ್ಲ ಅನ್ನಬಾರದು ಅಂತ ಎಲ್ಲರೂ ಹೇಳಿದ್ದರು, ಹೂಂ ಅಂದೆ. ಆಮೇಲೆ ಗೊತ್ತಾಯಿತು, ಹಿಂದಿನ ಮೂವರು ಕ್ಲರ್ಕ್‌ಗಳಲ್ಲಿ ಇಬ್ಬರು ಅರ್ಧಕ್ಕೇ ಬಿಟ್ಟಿದ್ದರು. ದಿನಾ ಕೂಗಾಟ. ಒಂದು ಸಲ ನಾನು ಬರೆದ ಕರಡನ್ನು ಎಲ್ಲರ ಎದುರಿಗೇ ಕಸದ ಬುಟ್ಟಿಗೆ ಹಾಕಿ, ಸಂಜೆ ಅದನ್ನೇ ತೆಗೆದು ಸಹಿ ಮಾಡಿದರು. ವರ್ಷ ಮುಗಿಸಿದೆ, ಆದರೆ ಆ ಹೆಸರನ್ನು ರೆಫರೆನ್ಸ್‌ಗೆ ಹಾಕುವ ಹಾಗಿಲ್ಲ.

ಹಾಗಾಗಿ ತುಂಗಾತೀರ, ಅರ್ಜಿ ಹಾಕುವ ಮುಂಚೆಯೇ ಹಳೇ ಕ್ಲರ್ಕ್‌ಗಳನ್ನು ಹುಡುಕಿ ಫೋನಿನಲ್ಲಿ ಮಾತಾಡಿ. ಇಮೇಲ್‌ನಲ್ಲಿ ಯಾರೂ ಕೆಟ್ಟದ್ದು ಬರೆಯುವುದಿಲ್ಲ. "ಮತ್ತೆ ಅವಕಾಶ ಸಿಕ್ಕರೆ ಅವರ ಹತ್ತಿರವೇ ಹೋಗ್ತೀರಾ?" ಅಂತ ಕೇಳಿ. ಉತ್ತರಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅನ್ನೋದನ್ನ ಗಮನಿಸಿ.

ಆಲ್ಬನಿ ಕಾಫಿ

ಓದಿ ಬೇಜಾರಾಯಿತು. 'ಇಲ್ಲ ಅನ್ನಬಾರದು' ಅನ್ನೋದು ನಿಯಮ ಅಲ್ಲ, ಪದ್ಧತಿ. ಪದ್ಧತಿ ಸಾಕಷ್ಟು ಗಟ್ಟಿಯಾಗಿದೆ, ಅದೂ ನಿಜ. ಅದಕ್ಕೇ ಸಿಕ್ಕರೆ ಹೋಗುತ್ತೇನೆ ಅನ್ನಿಸುವವರಿಗೆ ಮಾತ್ರ ಅರ್ಜಿ ಹಾಕಬೇಕು. ಸುಮ್ನೆ ಇರಲಿ ಅಂತ 100 ಕಡೆ ಹಾಕಿದರೆ ಮೊದಲು ಕರೆದವರ ಕೈಗೆ ಸಿಕ್ಕಿಬೀಳುತ್ತೇವೆ. ಆಫರ್ ಬಂದಾಗ "ಒಂದು ದಿನ ಟೈಮ್ ಕೊಡಬಹುದಾ?" ಅಂತ ಮರ್ಯಾದೆಯಿಂದ ಕೇಳಿದರೆ ತಪ್ಪಿಲ್ಲ. ನಾನು ಕೇಳಿದ್ದೆ, ಕೊಟ್ಟರು.

ತುಂಗಾತೀರ

ಮೂರು ವಾರ ಆದ ಮೇಲೆ ಬಂದೆ, ಕ್ಷಮಿಸಿ. ಗೈಡ್ ಸಿಕ್ಕಿತು. ಕೆರಿಯರ್ ಆಫೀಸಿನವರು "ಇದನ್ನ ಕೇಳಿಕೊಂಡು ಬಂದವರು ಈ ವರ್ಷ ನೀನೇ ಎರಡನೆಯವಳು" ಅಂದರು! ಅವರ ಹತ್ತಿರ ನಮ್ಮ ಕಾಲೇಜಿನಿಂದ ಯಾರ್ಯಾರು ಯಾವ ಜಡ್ಜ್ ಹತ್ತಿರ ಹೋಗಿದ್ದರು ಅನ್ನೋ ಪಟ್ಟಿಯೂ ಇತ್ತು. ಅದರಿಂದ ನಾಲ್ಕು ಜನರಿಗೆ ಫೋನ್ ಮಾಡಿದೆ. ಒಬ್ಬರು ನಿಜಕ್ಕೂ ಉತ್ತರಿಸುವ ಮುಂಚೆ ಸುಮ್ಮನಾದರು. ಆ ಹೆಸರು ತೆಗೆದುಹಾಕಿದೆ. ಥ್ಯಾಂಕ್ಸ್, ಹೆಸರು ಬೇಡ.

ಒಟ್ಟು 18 ಪತ್ರ. ಮೇಲ್ ಮರ್ಜ್ ಮಾಡಲಿಲ್ಲ, ಒಂದೊಂದೇ ಕೈಯಾರೆ ಟೈಪ್ ಮಾಡಿದೆ. ಸಂಜೆ ನಾನು ಮಡಚುತ್ತಿದ್ದಾಗ ಅಪ್ಪ ಬಂದು ಪಕ್ಕದಲ್ಲಿ ಕೂತರು. ಏನೂ ಮಾತಾಡಲಿಲ್ಲ. ಲಕೋಟೆಗೆ ಸ್ಟಾಂಪ್ ಹಚ್ಚಿಕೊಟ್ಟರು. ಬ್ರಾಂಡೈಸ್ ಕಥೆಯನ್ನು ಅವರು ಈಗ ಭಾನುವಾರ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ ಅಂತ ಅಮ್ಮ ಹೇಳಿದಳು.

ಎರಡು ಪ್ರಶ್ನೆ. ರೈಟಿಂಗ್ ಸ್ಯಾಂಪಲ್ 22 ಪುಟ ಇದೆ, ಜಾಸ್ತಿನಾ? ಮತ್ತೆ, ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿ ಕೋರ್ಟಿನಿಂದ ಗುರುವಾರ ಇಂಟರ್‌ವ್ಯೂಗೆ ಕರೆ ಬಂದಿದೆ!! ಕಾರು ಅಪ್ಪ ತೆಗೆದುಕೊಂಡು ಹೋಗುತ್ತಾರೆ, ಟ್ರೈನಿನಲ್ಲಿ ಹೋದರೆ ದೂರ ಆಗುತ್ತದಾ?

ಎಡಿಸನ್ ಅಕ್ಕ

ಅಯ್ಯೋ, ಎಂಥ ಒಳ್ಳೆ ಸುದ್ದಿ ಕಣೇ!

22 ಪುಟ ಯಾರೂ ಓದುವುದಿಲ್ಲ. 10ರ ಆಸುಪಾಸಿಗೆ ಇಳಿಸು. ವಾದದ ಒಂದು ಭಾಗ ಮಾತ್ರ ಇಟ್ಟು, 'ಇದು ದೊಡ್ಡ ಮೆಮೊದ ಒಂದು ಭಾಗ, ಹಿನ್ನೆಲೆ ಹೀಗಿದೆ' ಅಂತ ಮೇಲೊಂದು ಪುಟ ಹಾಕು. ಬ್ಲೂಬುಕ್ (ಕೇಸು, ಕಾನೂನು ಉಲ್ಲೇಖಿಸುವ ಕ್ರಮದ ಕೈಪಿಡಿ) ಪ್ರಕಾರ ಸೈಟೇಶನ್ ಎಲ್ಲ ಇನ್ನೊಂದು ಸಲ ನೋಡು. ನಮ್ಮ ಜಡ್ಜ್ ಮೊದಲು ಅಡಿಟಿಪ್ಪಣಿ ನೋಡಿ ಆಮೇಲೆ ಪುಟ ನೋಡುತ್ತಿದ್ದರು. ಪ್ರತಿ ಇನ್ನೊಂದು ತೆಗೆದುಕೊಂಡು ಹೋಗು, ಅದರ ಮೇಲೆ ಪ್ರಶ್ನೆ ಕೇಳಬಹುದು. ಅಲ್ಲಿ ಈಗಿರುವ ಕ್ಲರ್ಕ್ ಜೊತೆಗೂ, ಸೆಕ್ರೆಟರಿ ಜೊತೆಗೂ ಚೆನ್ನಾಗಿ ಮಾತಾಡು. ನೀನು ಹೋದ ಮೇಲೆ ಜಡ್ಜ್ ಮೊದಲು ಕೇಳುವುದು ಅವರನ್ನೇ.

ಟ್ರೈನೇ ಒಳ್ಳೆಯದು. ನಾರ್ತ್‌ಈಸ್ಟ್ ಕಾರಿಡಾರ್ ಲೈನು, ನ್ಯೂ ಬ್ರನ್ಸ್‌ವಿಕ್ ಸ್ಟೇಷನ್‌ನಲ್ಲಿ ಇಳಿ, ಅಲ್ಲಿಂದ ನಡೆದೇ ಹೋಗಬಹುದು. ಬಾಗಿಲಲ್ಲಿ ಸೆಕ್ಯೂರಿಟಿ ಲೈನ್ ಇರುತ್ತದೆ, ಬೆಳಿಗ್ಗೆ ಜ್ಯೂರಿಗೆ ಬಂದವರೂ ಸೇರಿದರೆ ಉದ್ದ ಆಗುತ್ತದೆ. ಅದಕ್ಕೆ 20 ನಿಮಿಷ ಇಟ್ಟುಕೋ. ಹಿಮ್ಮಡಿ ಎತ್ತರದ ಚಪ್ಪಲಿ ಬ್ಯಾಗಿನಲ್ಲಿರಲಿ, ಒಳಗೆ ಹೋಗಿ ಹಾಕಿಕೋ.

ತುಂಗಾತೀರ

8:12ರ ಟ್ರೈನು. ಟಿಕೆಟ್ ಈಗಲೇ ತೆಗೆದಿಟ್ಟೆ.